ಗಡಹಿಂಗ್ಲಜಕ್ಕೆ ಹಾಕಿದ ರೈಲು

ಗಂಗುಬಾಯಿ ಸೆರಗಿನ ಮರೆಯಲ್ಲಿ ಬಲಗೈ ಚಾಚಿ ಆ ಎರಡಂತಸ್ತಿನ ಮನೆಯನ್ನು ಹಿಡಿದು ಪಕ್ಕಕ್ಕೆ ಜಗ್ಗಿದಳು. ಬರಲಿಲ್ಲ. ಅಂಗೈಯಗಲದ ರಟ್ಟಿನ ಮನೆ, ಸಿಟ್ಟಿನಿಂದ ಹಿಂಡಿದರೆ ಪುಡಿಯಾಗುವಂಥದ್ದು, ಆದರೂ ಹಲಗೆಗೆ ಬೇರು ಬಿಟ್ಟ ಹಾಗೆ ಕೂತಿತ್ತು. ಇನ್ನೊಮ್ಮೆ ಜಗ್ಗಿದಳು. ಮನೆಯ ಮುಂದಿನ ಹಳಿ ಅಲುಗಿತೇ ಹೊರತು ಮನೆ ಅಲುಗಲಿಲ್ಲ.

“ವಹಿನಿ, ಏನ ಮಾಡಾಕತ್ತೀರಿ ಅಲ್ಲಿ?”

ಬಾಗಿಲಲ್ಲಿ ನಾಮದೇವ ನಿಂತಿದ್ದ. ಅವಳ ಗಂಡ ಕಾಡಪ್ಪನ ಜೊತೆ ಒಂದೇ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುತ್ತ ಮುದುಕನಾದವನು. ಕೈಯಲ್ಲಿ ಬಿದಿರು ಸೀಳುವ ಕತ್ತಿ. ಅಂಗಳದಲ್ಲಿ ಅವನೇ ಮುಂದೆ ನಿಂತು ಹೆಣ ಒಯ್ಯುವ ವಿಮಾನ ಕಟ್ಟಿಸುತ್ತಿದ್ದ.

“ಏನಿಲ್ಲೊ. ಧೂಳ ಕುಂತಿತ್ತು, ಒರಸಾಕತ್ತಿದ್ದೆ.”

ಗಂಡ ಸತ್ತು ಗೋಡೆಗೆ ಒರಗಿ ಕೂತಿರುವಾಗ ರಟ್ಟಿನ ಮನೆಯ ಧೂಳು ಒರೆಸುತ್ತೇನೆನ್ನುವ ಹೆಂಗಸಿಗೆ ಏನನ್ನಬೇಕು? ಪಾಪ, ನಾಮದೇವ ಅದನ್ನು ಪ್ರೀತಿ ಅಂತ ತಿಳಿದ. ಕಣ್ಣೊರೆಸಿಕೊಂಡು, “ಇರಲಿ ಬಿಡ್ರಿ. ಕಾಜಲ ಬರಲಿ. ಅಪ್ಪ ಅಕಿ ಮನಿ ಹೆಂಗ ಕಟ್ಟ್ಯಾನ ಅಂತ ಅಕಿ ಕಣ್ಣಲೇ ನೋಡಲಿ,” ಅಂದ.

ಅದೇ ಆಗಬಾರದಾಗಿತ್ತು. ಗಡಹಿಂಗ್ಲಜದಿಂದ ಮಗಳು ಬರುವುದರೊಳಗೆ ಆ ಮನೆ ಅಲ್ಲಿಂದ ಮಾಯವಾಗಬೇಕಿತ್ತು. ಯಾಕೆಂದರೆ ಅದು ಕಾಜಲಳ ಮನೆಯೇ ಅಲ್ಲ. ಬುಡದಿಂದ ತುದಿಯವರೆಗೆ ಗಂಗುಬಾಯಿ ಹೇಳಿದ ಸುಳ್ಳು. ಕಾಡಪ್ಪ ಅದನ್ನು ನಂಬಿ, ಒಂದೊಂದೇ ಕಿಟಕಿ ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚಿ ನಿಲ್ಲಿಸಿದ್ದ. ಓಣಿಯವರೆಲ್ಲ ಅದನ್ನು ನೋಡಿ ಹೊಗಳಿ ಹೋಗಿದ್ದರು. ತಗಡಿನ ಪತ್ರಾಸಿನ ಕೆಳಗೆ ಬೇಯುವ ಮಗಳು ಈಗ ಬಂದು ಇದನ್ನು ನೋಡಿ, ಇದ್ಯಾರ ಮನಿ ಅಂತ ಕೇಳಿದರೆ ನೆಲ ಬಿರಿದು ನುಂಗಿದರೂ ಸಾಲದು ಅನಿಸಿತ್ತು ಅವಳಿಗೆ.

ಮುಂದಿನ ಖೋಲಿಯ ಅರ್ಧಕ್ಕರ್ಧ ಕಾಡಪ್ಪ ಕಟ್ಟಿದ ಪುಟ್ಟ ರೈಲೇ ತುಂಬಿತ್ತು. ಒಲೆಯ ಕಡೆಯ ಗೋಡೆಗೆ ಕೊಲ್ಹಾಪುರ ಸ್ಟೇಶನ್ನು, ನಡುವೆ ಬಿದ್ರಿಯ ಸಕ್ಕರೆ ಕಾರ್ಖಾನೆಯ ಚಿಮಣಿ ಮತ್ತು ಕಬ್ಬು ತುಂಬಿದ ಡಬ್ಬಿಗಳು, ಅಲ್ಲಿಂದ ಹಳಿ ಡೊಂಕಾಗಿ ಬಂದು ತಲೆಬಾಗಿಲ ಹತ್ತಿರ ಗಡಹಿಂಗ್ಲಜ. ನಿಜವಾದ ಗಡಹಿಂಗ್ಲಜಕ್ಕೆ ರೈಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಕಾಡಪ್ಪನ ಗಡಹಿಂಗ್ಲಜಕ್ಕೆ ಮಾತ್ರ ಪ್ಲಾಟ್‌ಫಾರ್ಮು, ಕೆಂಪು ಸಿಗ್ನಲ್ಲು, ಗಡಿಯಾರ ಎಲ್ಲಾ ಇದ್ದವು. ಆ ಕಡೆಯ ಹಲಗೆ ಬಾಗಿಲಿಗೆ ಅಡ್ಡ ಬಂದಿತ್ತು. ಮನೆಯವರು ಎಷ್ಟೋ ವರ್ಷದಿಂದ ಮೈ ಓರೆ ಮಾಡಿ ಒಳಗೆ ಬರುತ್ತಿದ್ದರು, ಹೊರಗೆ ಹೋಗುತ್ತಿದ್ದರು.

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಇಟ್ಟು, ಕೂರಿಸಿಯೇ ಒಯ್ದು, ಕೂರಿಸಿಯೇ ಮಣ್ಣು ಕೊಡುತ್ತಾರೆ. ಬೆಳಿಗ್ಗೆ ಚಹಾ ಕುಡಿದು, ಎದಿ ಯಾಕೋ ಹಿಡದಂಗ ಆಗೇತಿ ಅಂದು ಬಾಗಿದ ಕಾಡಪ್ಪ ಈಗ ಹಣೆ ತುಂಬ ವಿಭೂತಿ ಬಳಿಸಿಕೊಂಡು, ಗಲ್ಲಕ್ಕೊಂದು ಬಿಳಿ ಬಟ್ಟೆ ಕಟ್ಟಿಸಿಕೊಂಡು, ತನ್ನ ರೈಲಿಗೆ ಎದುರಾಗಿ ಕೂತಿದ್ದ. ಭಜನೆಯವರು ತಾಳ ಕುಟ್ಟುತ್ತಿದ್ದರು. ಅವನು ದುಡಿದ ಶೆಡ್ಡಿನಲ್ಲಷ್ಟೇ ಮಗ್ಗ ನಿಂತಿದ್ದವು. ಕಬನೂರು ಊರಿನ ಉಳಿದ ಮಗ್ಗ ಎಂದಿನಂತೆ ಖಟಖಟ ಅನ್ನುತ್ತಿದ್ದವು.

“ಕುಂತಾಕಿ ಕುಂದರವಲ್ಲಿ, ನಿಂತಾಕಿ ನಿಂದರವಲ್ಲಿ. ಏನ ಹತ್ತೇತಿ ನಿನಗ?” ಅಂದಳು ಮುದಕವ್ವ. ಕಾಡಪ್ಪನ ಅಕ್ಕ ಅವಳು, ಹೆಣದ ಬಲಕ್ಕೆ ಕಾಲು ಚಾಚಿ ಕೂತಿದ್ದಳು. ಇಡೀ ಮನೆತನದಲ್ಲಿ ಅವಳ ಬಾಯಿಗೆ ಎದುರು ಬಾಯಿ ಇರಲಿಲ್ಲ.

“ಕರ್ಪೂರ ತರಾಕ ಹೊಂಟಿದ್ದೆ.”

“ಆಗಿಂದ ಕರ್ಪೂರಾನ ತರಾಕತ್ತೀ. ಇಲ್ಲಿ ಬಂದ ಕುಂದರ.” ಆಮೇಲೆ ಬಾಗಿಲ ಕಡೆ ಕೂಗಿದಳು. “ನಾಮದೇವಾ, ಈ ಹಲಗಿ ಅಡ್ಡ ಬರತೈತಿ. ಕುಂತ ಹೆಣ ಓರೆ ಮಾಡಿ ಒಯ್ಯಾಕ ಬರ್ತೈತೇನ? ಮುರದ ಒಗೀರಿ ಅದನ್ನ.”

ಗಂಗುಬಾಯಿಗೆ ಜೀವ ಬಂದ ಹಾಗಾಯಿತು. “ಹೌದ್ರಿ, ಮುರೀರಿ. ನಾನ ಮದಲ ಆ ಮನಿ ತಗೀತೇನಿ,” ಅಂತ ಎದ್ದೇ ಬಿಟ್ಟಳು.

“ಥಾಂಬಾ ವಹಿನಿ, ಥಾಂಬಾ.” ನಾಮದೇವ ಕೈ ಅಡ್ಡ ಹಿಡಿದ. “ಮುರಿಯೂ ಮಾತ ಇಲ್ಲ. ಸ್ಕ್ರೂ ಅದಾವು ಕೆಳಗ, ಬಿಚ್ಚಿದ್ರ ಬರ್ತೈತಿ. ಖರೆ ಕಾಜಲ ಬಂದ ನೋಡೂ ತನಕಾ ನಾ ಬಿಚ್ಚೂದಿಲ್ಲ. ಕಾಡಪ್ಪ ಯಾರ ಸಲುವಾಗಿ ಮಾಡ್ಯಾನ ಇದನ್ನ?”

ಭಜನೆಯವರೂ ತಲೆಯಾಡಿಸಿದರು. ಎಲ್ಲರೂ ಅವಳ ಒಳ್ಳೆಯದನ್ನೇ ನೋಡುವವರು. ಅವರಲ್ಲಿ ಒಬ್ಬನಾದರೂ ಕೆಟ್ಟವನಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

*

ಕಾಡಪ್ಪನಿಗೆ ಈ ಹುಚ್ಚು ಹತ್ತಿದ್ದು ಓಣಿಯ ಗಣಪತಿಯಿಂದ. ಒಂದು ವರ್ಷ ಮಂಡಳದವರು ಕೊಲ್ಹಾಪುರ ಸ್ಟೇಶನ್ನಿನ ಮಾದರಿ ಕಟ್ಟಿ ದೇಖಾವೆ ಮಾಡೋಣವೆಂದರು. ಕಟ್ಟುವ ಕೆಲಸ ಕಾಡಪ್ಪನ ಕೊರಳಿಗೆ ಬಿತ್ತು. ನೂಲು ಸುತ್ತಿ ಬರುವ ರಟ್ಟಿನ ಕೋನುಗಳನ್ನು ನೆನೆಸಿ, ಬಿಡಿಸಿ, ಇಸ್ತ್ರಿ ಮಾಡಿ ಗೋಡೆ ಎಬ್ಬಿಸಿದ. ಮಗ್ಗದ ಮುರಿದ ಹಣಿಗೆಯಿಂದ ಚಪ್ಪಟೆ ತಂತಿ ಕಿತ್ತು ಹಳಿ ಮಾಡಿದ, ಅದರ ಕೆಳಗೆ ಬೆಂಕಿಕಡ್ಡಿ ಜೋಡಿಸಿದ. ಗಣಪತಿ ನೀರಿಗೆ ಹೋದ ಮೇಲೆ ಮಂಡಳದ ಹುಡುಗರು ಸ್ಟೇಶನ್ನನ್ನು ತಿಪ್ಪೆಗೆ ಒಯ್ಯುತ್ತಿದ್ದಾಗ ಇವನು ಅಡ್ಡ ಹೋಗಿ ಬಗಲಲ್ಲಿ ಇಟ್ಟುಕೊಂಡು ಮನೆಗೆ ತಂದ. ಅಂದಿನಿಂದ ಮನೆಯಲ್ಲಿ ಮಂಚಕ್ಕೆ ಜಾಗವಿಲ್ಲದಂತಾಯಿತು.

ಆಗ ಕಾಜಲ ಸಣ್ಣವಳು. ಹಳಿಯ ನಡುವೆ ಹಾಕಲು ಹಿಟ್ಟಿನ ಸಾಣಿಗೆಯಲ್ಲಿ ಉಸುಕು ಸೋಸಿ ಕೊಡುತ್ತಿದ್ದಳು. ಆಮೇಲೆ ಅದೇ ಸಾಣಿಗೆಯಲ್ಲಿ ಹಿಟ್ಟು ಸೋಸಿದರೆ ಭಕ್ಕರಿ ಕರಕರ ಅನ್ನುತ್ತಿತ್ತು, ಗಂಗುಬಾಯಿ ಇಬ್ಬರಿಗೂ ಬೈಯುತ್ತಿದ್ದಳು. ಅಪ್ಪ ಮಗಳು ಬೈಗಳ ತಿಂದುಕೊಂಡೇ ಊಟ ಮಾಡುತ್ತಿದ್ದರು.

ಶೆಡ್ಡಿನ ಮೋಟಾರು ಸುಟ್ಟಾಗ ತಂತಿ ಸುತ್ತಲು ಗಡಹಿಂಗ್ಲಜದಿಂದ ರತ್ನದೀಪ ಎಂಬ ಹುಡುಗ ಬರುತ್ತಿದ್ದ. ಕಾಡಪ್ಪನೇ ಅವನನ್ನು ಮನೆಗೆ ಕರೆದು ರೈಲು ತೋರಿಸಿದವನು. ಇಂಜಿನ್ನಿಗೆ ಪುಟ್ಟ ಮೋಟಾರು ಕೂರಿಸಿ ಕೊಟ್ಟದ್ದೂ ಆ ಹುಡುಗನೇ. ಅದೇ ಹುಡುಗನ ಜೊತೆ ಕಾಜಲ ಬುದ್ಧವಿಹಾರದಲ್ಲಿ ಮದುವೆಯಾಗಿ ಬಂದು ನಿಂತ ದಿನ ಮುದಕವ್ವ ಅಂಗಳದಲ್ಲಿ ನಿಂತು ಜಾತಿಯ ಹೆಸರು ಹಿಡಿದು ಆಡಬಾರದ್ದೆಲ್ಲ ಆಡಿದಳು. ಕಾಡಪ್ಪ ಮಗಳಿಗೆ ಒಂದೇ ಮಾತು ಆಡಿದ. “ಈ ಹೊಸ್ತಿಲಾ ನಿನಗ ಮುಗೀತು.” ಅವಳ ಹೆಸರನ್ನು ಮತ್ತೆ ಅವನು ಎತ್ತಲಿಲ್ಲ, ಯಾರಿಗೂ ಎತ್ತಗೊಡಲಿಲ್ಲ.

ಎಷ್ಟೋ ದಿನ ರೈಲಿನ ಮೇಲೆ ಹಳೆಯ ಚಾದರ ಮುಚ್ಚಿಯೇ ಇತ್ತು. ಆಮೇಲೊಂದು ಸಂಜೆ ಬಿದ್ರಿಯ ಆಚೆ ಹೊಸ ಹಲಗೆ ಜೋಡಿಸಲು ಶುರು ಮಾಡಿದ.

“ಇದೆಲ್ಲಿಗ್ರಿ?” ಅಂತ ಕೇಳಿದ್ದಳು ಗಂಗುಬಾಯಿ.

“ಗಡಹಿಂಗ್ಲಜಕ್ಕ.”

“ಅಲ್ಲಿಗೆ ರೈಲ ಎಲ್ಲೈತಿ?”

“ಇಲ್ಲ. ಅದಕ್ಕ ಹಾಕಾಕತ್ತೇನಿ.”

ಅವಳಿಗೆ ಮೈ ಉರಿದು ಹೋಯಿತು. ಸ್ಟ್ಯಾಂಡಿಗೆ ಹೋಗಿ ನಿಂತರೆ ಬಸ್ಸು ಬರುತ್ತದೆ, ಕೈ ಮಾಡಿದರೆ ನಿಲ್ಲುತ್ತದೆ, ಹತ್ತಿ ಕೂತರೆ ಮಗಳ ಊರು. ಅದು ಬಿಟ್ಟು ಈ ಮನುಷ್ಯ ಹಣಿಗೆಯ ತಂತಿ ಕಿತ್ತು ಕಿತ್ತು ಅಲ್ಲಿಗೆ ಹಳಿ ಹಾಕುತ್ತ ಕೂತಿದ್ದಾನೆ. ಇಂಥವನಿಗೆ ಏನು ಹೇಳುವುದು?

*

ಕಾಜಲ ಬಸ್ಸು ಹತ್ತಿದ್ದಾಳೆಂದು ನಾಮದೇವನಿಗೆ ಫೋನು ಬಂದಿತ್ತು. ಸಂಕೇಶ್ವರದ ಹತ್ತಿರ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತಿದೆಯಂತೆ, ತಡವಾಗುತ್ತದಂತೆ. ಮುದಕವ್ವ ಬಿಸಿಲು ನೋಡಿ, ಮುಚ್ಚಂಜಿ ಆದ್ರ ಮಣ್ಣು ಹೆಂಗ ಕೊಡೂದು ಅಂತ ಗೊಣಗಿದಳು. ಗಂಗುಬಾಯಿ ಮಾತ್ರ ಆ ಟ್ರ್ಯಾಕ್ಟರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಲಿ ಅಂತ ಬೇಡಿಕೊಂಡಳು. ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಅಪ್ಪನ ಮೋರೆ ನೋಡಲು ಮಗಳು ಹಾದಿಯಲ್ಲಿ ಒದ್ದಾಡುತ್ತಿದ್ದರೆ ಇವಳು ತನ್ನ ಮರ್ಯಾದೆ ನೋಡಿಕೊಳ್ಳುತ್ತಿದ್ದಾಳೆ.

ನೀರು ಕೊಡುವ ನೆವದಲ್ಲಿ ಮತ್ತೆ ಎದ್ದಳು. ಹಲಗೆಯ ಹತ್ತಿರ ತಂಬಿಗೆ ಇಟ್ಟು, ಬಗ್ಗಿ, ಮನೆಯ ಬುಡಕ್ಕೆ ಉಗುರು ಹಾಕಿ ಮೀಟಿದಳು. ಉಗುರು ಮುರಿಯಿತು. ಬಾಲ್ಕನಿಯ ನೀಲಿ ಗ್ರಿಲ್ಲು ಅವಳ ಕಣ್ಣಿಗೇ ನೇರವಾಗಿತ್ತು. ಆ ನೀಲಿಯನ್ನು ಅವಳೇ ಹೇಳಿದ್ದಳು.

*

ಮೊದಲ ಸಲ ಅವಳು ಕೊಲ್ಹಾಪುರದ ಅಂಬಾಬಾಯಿಗೆ ಹೋಗಿ ಬರುತ್ತೇನೆಂದು ಹೊರಟು ಗಡಹಿಂಗ್ಲಜದ ಬಸ್ಸು ಹತ್ತಿದ್ದಳು. ಸಂಜೆ ತಿರುಗಿ ಬಂದಾಗ ಕಾಡಪ್ಪ ಪ್ರಸಾದ ಕೇಳಲಿಲ್ಲ. ಹಲಗೆಗೆ ಅಂಟು ಬಳಿಯುತ್ತ, ತಲೆ ಎತ್ತದೆ ಕೇಳಿದ.

“ಬಾಗಲಾ ಯಾವ ಕಡಿಗೆ ಐತಿ?”

“ಯಾವ ಬಾಗಲಾ?”

“ಆ ಮನೀದು.”

ಅವಳು ಹೋಗಿದ್ದೆಲ್ಲಿ ಅಂತ ಅವನಿಗೆ ಗೊತ್ತಾಗಿತ್ತು. “ಮೂಡ್ಲಕ,” ಅಂದಳು.

“ಪಾವಟಿಗಿ?”

“ಎರಡ.”

“ಮ್ಯಾಲೇನ ಹೊದಿಸ್ಯಾರ?”

“ಪತ್ರಾ.”

ಅಷ್ಟೇ. ಮಗಳು ಬಡವಾಗಿದ್ದಾಳೋ, ದಪ್ಪವಾಗಿದ್ದಾಳೋ, ಅತ್ತಳೋ, ಅಪ್ಪನನ್ನು ಕೇಳಿದಳೋ ಒಂದೂ ಕೇಳಲಿಲ್ಲ. ಆದರೆ ಅವನು ಮೆಟ್ಟಿಲು ಪಾವಟಿಗೆ ಕೇಳಿದ್ದು ಮಗಳನ್ನೇ ಕೇಳಿದ್ದು ಅಂತ ಗಂಗುಬಾಯಿಗೆ ತಿಳಿಯಿತು. ಅಲ್ಲಿಂದ ಮುಂದೆ ಗಂಡ ಹೆಂಡತಿ ಮಗಳ ಬಗ್ಗೆ ಮಾತಾಡಿದ್ದೆಲ್ಲ ಹೀಗೆಯೇ, ಕಿಟಕಿ ಬಾಗಿಲು ಗೋಡೆಯ ಮೇಲೆ.

ಪತ್ರಾಸಿನ ಮನೆಯನ್ನು ಕಾಡಪ್ಪ ಒಂದು ವಾರ ಕೂತು ಮಾಡಿದ. ಎಣ್ಣೆ ಡಬ್ಬಿಯ ತೆಳು ತಗಡನ್ನು ಮಗ್ಗದ ಎರಡು ಹಲ್ಲುಗಾಲಿಗಳ ನಡುವೆ ಹಾಯಿಸಿದರೆ ಥೇಟು ಪತ್ರಾಸಿನ ಗೆರೆ ಬೀಳುತ್ತಿತ್ತು. ಮಾಡಿ ಮುಗಿಸಿ, ಹಲಗೆಯ ಮೇಲೆ ಕೂರಿಸಿ, ಊಟಕ್ಕೆ ಬಂದವನು ತಾಟು ದೂರ ಸರಿಸಿದ. “ಮಳ್ಯಾಗ ಸಪ್ಪಳ ಭಾಳ ಆಗತೈತಿ ಪತ್ರಾದ ಕೆಳಗ,” ಅಂದ. ಆ ಮಳೆಗಾಲ ಪೂರಾ ಅವನು ಹೊಟ್ಟೆ ತುಂಬ ಉಣ್ಣಲಿಲ್ಲ. ಕೆನ್ನೆ ಒಳಗೆ ಹೋದವು.

ಎರಡನೇ ಸಲ ಹೋಗಿ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. “ಪತ್ರಾ ತಗದ್ರು. ಸ್ಲ್ಯಾಬ ಹಾಕ್ಯಾರ,” ಅಂದುಬಿಟ್ಟಳು.

ಕಾಡಪ್ಪ ಕುಂಚ ಕೆಳಗಿಟ್ಟು ಅವಳ ಮೋರೆ ನೋಡಿದ. “ಹೌದ?”

“ಹೌದ್ರಿ.”

ಅವತ್ತು ಇನ್ನೊಂದು ಭಕ್ಕರಿ ಕೇಳಿ ಹಾಕಿಸಿಕೊಂಡ. ಆ ಒಂದು ಭಕ್ಕರಿಯ ಆಸೆಗೆ ಅವಳು ಸುಳ್ಳಿನ ಮೇಲೆ ಅಂತಸ್ತು ಏರಿಸಿದಳು. ಹೋದಾಗೊಮ್ಮೆ ಏನಾದರೊಂದು ತರಬೇಕಾಗುತ್ತಿತ್ತು. ಅವನು ಸುಮ್ಮನೆ ನಂಬುವ ಗಿರಾಕಿಯೂ ಅಲ್ಲ. ಮೆಟ್ಟಿಲು ಒಳಗೋ ಹೊರಗೋ, ಬಾಲ್ಕನಿ ಎಷ್ಟಗಲ, ಗ್ರಿಲ್ಲಿಗೆ ಹೂವೋ ಗೆರೆಯೋ, ಎಲ್ಲಾ ಬೇಕು. ತಿರುಗಿ ಬರುವಾಗ ಅವಳು ಬಸ್ಸಿನ ಕಿಟಕಿಗೆ ಮೋರೆ ಹಚ್ಚಿ ನಿಪ್ಪಾಣಿಯಲ್ಲಿ ಯಾರದೋ ಬಾಲ್ಕನಿ, ಕಾಗಲದಲ್ಲಿ ಇನ್ಯಾರದೋ ಗ್ರಿಲ್ಲು ಆರಿಸಿಕೊಳ್ಳುತ್ತಿದ್ದಳು. ಆ ಮನೆಯವರಿಗೆ ಗೊತ್ತಿಲ್ಲದೆ ಅವರ ಬಾಲ್ಕನಿ ಬಂದು ಕಬನೂರಿನ ಹಲಗೆಯ ಮೇಲೆ ಕೂರುತ್ತಿತ್ತು.

ಮೊಣಕಾಲು ಹಿಡಿದುಕೊಂಡ ಮೇಲೆ ಬಸ್ಸಿನ ಮಾತು ನಿಂತಿತು. ಕಾಜಲಳ ಜೊತೆ ಬರೀ ಫೋನು. ಆದರೂ ಕಾಡಪ್ಪ ಕೇಳುವುದು ನಿಲ್ಲಿಸಲಿಲ್ಲ. “ಗ್ರಿಲ್ಲಿಗೆ ಮತ್ತ ಬಣ್ಣ ಹಚ್ಚ್ಯಾರೇನ?” ಅಂತ ಹೋದ ದೀಪಾವಳಿಗೆ ಕೇಳಿದ್ದ. “ಹೌದ್ರಿ, ನೀಲಿ,” ಅಂದಿದ್ದಳು. ಮಾರನೇ ದಿನವೇ ಗ್ರಿಲ್ಲು ನೀಲಿಯಾಯಿತು.

*

ಕಾಜಲ ಬಂದಳು. ಚಪ್ಪಲಿ ಎಲ್ಲಿ ಬಿಟ್ಟಳೋ ಅವಳಿಗೇ ಗೊತ್ತಿರಲಿಲ್ಲ. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ದಾಟಿ, ಮೈ ಓರೆ ಮಾಡಿ ಒಳಗೆ ಬಂದು ಅಪ್ಪನ ಮೊಣಕಾಲ ಮೇಲೆ ಹಣೆ ಇಟ್ಟಳು. ಸದ್ದು ಮಾಡಿ ಅಳಲಿಲ್ಲ, ಬೆನ್ನು ಮಾತ್ರ ಎದ್ದೆದ್ದು ಬೀಳುತ್ತಿತ್ತು. ಗಂಗುಬಾಯಿ ಅವಳ ಬೆನ್ನ ಮೇಲೆ ಕೈ ಇಟ್ಟಳು. ಇಷ್ಟು ವರ್ಷದ ಮೇಲೆ ಮಗಳು ಈ ಮನೆಯೊಳಗೆ ಇದ್ದಾಳೆ ಅನ್ನುವ ಸಂತೋಷ ಅವಳನ್ನು ಗಂಡನ ಹೆಣದ ಮುಂದೆಯೇ ಒಮ್ಮೆ ತಬ್ಬಿಬ್ಬು ಮಾಡಿತು.

ರತ್ನದೀಪ ಹೊರಗೇ ನಿಂತಿದ್ದ.

“ಯಾ ಜಾವಯಬಾಪು, ಆತ ಯಾ,” ಅಂತ ನಾಮದೇವ ಅಳಿಯನ ಮರ್ಯಾದೆಯಿಂದಲೇ ಅವನನ್ನು ಒಳಗೆ ಕರೆದ. ಮುದಕವ್ವ ಸೀರೆಯ ಅಂಚು ತನ್ನ ಕಡೆ ಎಳೆದುಕೊಂಡಳು. ರತ್ನದೀಪ ಅದನ್ನು ನೋಡಿದ, ನೋಡದವನ ಹಾಗೆ ಮಾವನ ಪಾದ ಮುಟ್ಟಿ ಗೋಡೆಗೆ ಸರಿದು ನಿಂತ.

“ಕಾಜಲಾ, ಏಳವಾ. ಹೊತ್ತ ಆಗೇತಿ,” ಅಂದ ನಾಮದೇವ. “ಒಂದ ಸಲ ಇದನ್ನ ನೋಡ, ಆಮ್ಯಾಲ ಬಿಚ್ಚತೇವಿ. ನಿನ್ನ ಮನಿ. ಅಪ್ಪ ಮಾಡಿಟ್ಟಾನ.”

ಕಾಜಲ ಕಣ್ಣೊರೆಸಿಕೊಂಡು ನೋಡಿದಳು. ಪ್ಲಾಟ್‌ಫಾರ್ಮು ನೋಡಿದಳು, ಸಿಗ್ನಲ್ಲು ನೋಡಿದಳು. ಬಾಲ್ಕನಿಯ ಮನೆಯ ಮೇಲೆ ಅವಳ ಕಣ್ಣು ಹಾದು ಮುಂದೆ ಹೋಯಿತು. “ಎಲ್ಲಿ, ಕಾಕಾ?”

“ಇದ ಅಲ್ಲೇನ, ನಿನ್ನ ಕಣ್ಣ ಮುಂದ. ನೀಲಿ ಗ್ರಿಲ್ಲಿಂದು.”

ಗಂಗುಬಾಯಿ ನೆಲ ನೋಡಿದಳು. ಮುದಕವ್ವ ಬಾಯಿ ತೆರೆದಳು. “ನೋಡಾಕತ್ತೀ ಏನ? ಇಷ್ಟ ದೊಡ್ಡ ಮನಿ ಕಟ್ಟೀರಿ. ಮ್ಯಾಲೊಂದ ಅಂತಸ್ತ, ಅದಕ್ಕೊಂದ ಬಾಲ್ಕನಿ. ಅವ ಸಿಟ್ಟಿನ್ಯಾಗ ಹೊಸ್ತಿಲಾ ಮುಗೀತು ಅಂದಿದ್ದ, ನಾನೂ ಅಂದಿದ್ದೆ, ಖರೆ. ನೀ ಒಂದ ದಿನರೆ ಬಂದ, ನಡಿಯಪಾ ನನ್ನ ಮನಿಗೆ ಅಂದೇನ? ಒಂದ ತುತ್ತ ಅನ್ನಾ ಹಾಕಿದೇನ ಅಂವಗ ಆ ಮಾಡೀ ಮ್ಯಾಲ ಕುಂದರ್ಸಿ? ರೊಕ್ಕ ಬಂದ ಮ್ಯಾಲ ಅಪ್ಪ ಯಾಕ ಬೇಕಾದಾನು.”

ಭಜನೆಯವರು ತಾಳ ನಿಲ್ಲಿಸಿದರು. ಕಾಜಲ ಆ ಮನೆಯನ್ನು ನೋಡಿದಳು, ಆಮೇಲೆ ತಾಯಿಯನ್ನು ನೋಡಿದಳು. ಗಂಗುಬಾಯಿಯ ತಲೆ ಮೇಲೇಳಲಿಲ್ಲ. ಅಷ್ಟು ಸಾಕಾಯಿತು ಮಗಳಿಗೆ. ರತ್ನದೀಪ ಏನೋ ಹೇಳಲು ಹೋದ, ಅವಳು ಅವನ ಮುಂಗೈ ಹಿಡಿದು ತಡೆದಳು.

“ಹೌದ ಅತ್ತಿ,” ಅಂದಳು. “ಕರೀಬೇಕಾಗಿತ್ತು. ನನ್ನ ತಪ್ಪ.”

ಮುದಕವ್ವನ ಹತ್ತು ಬೈಗಳನ್ನು ಗಂಗುಬಾಯಿ ತಡೆದುಕೊಳ್ಳುತ್ತಿದ್ದಳು. ಮಗಳ ಈ ಎರಡು ಮಾತನ್ನು ತಡೆದುಕೊಳ್ಳಲು ಆಗಲಿಲ್ಲ. ಎದ್ದು ನಿಂತಳು. ಮೊಣಕಾಲು ನೋಯುತ್ತಿದೆ ಅನ್ನುವುದೂ ನೆನಪಾಗಲಿಲ್ಲ.

“ಅಕೀದೇನ ತಪ್ಪಿಲ್ಲ. ಆ ಮನೀನ ಇಲ್ಲ,” ಅಂದಳು. “ಗಡಹಿಂಗ್ಲಜದಾಗ ಇವರದ ಪತ್ರಾದ ಮನಿ, ಒಂದ ಖೋಲಿ. ನಾ ಹೋಗಿ ನೋಡಿ ಬಂದ ನಮ್ಮ ಮನಿಯವರ ಮುಂದ ಸುಳ್ಳ ಹೇಳೇನಿ. ಮಾಡಿ ಸುಳ್ಳ, ಬಾಲ್ಕನಿ ಸುಳ್ಳ, ನೀಲಿ ಬಣ್ಣಾನೂ ಸುಳ್ಳ. ಖರೆ ಹೇಳಿದ್ರ ಉಣತಿದ್ದಿಲ್ಲ ಈ ಮನಶ್ಯಾ. ನಾ ಏನ ಮಾಡ್ಲಿ? ಬೈಯೂದಿದ್ರ ನನಗ ಬೈರಿ.”

ಯಾರೂ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. ಆ ಹಾಳು ಮನೆಯನ್ನು ಎಲ್ಲರ ಮುಂದೆ ಹಿಂಡಿ ಒಗೆಯಬೇಕೆಂದು ಈ ಸಲ ಮೇಲಿನಿಂದ ಕೈ ಹಾಕಿ, ಚಾವಣಿ ಹಿಡಿದು ಎತ್ತಿದಳು. ಇಡೀ ದಿನ ಪಕ್ಕಕ್ಕೆ ಜಗ್ಗಿದರೆ ಬಾರದ್ದು ತಲೆಯಿಂದ ಟೋಪಿ ತೆಗೆದ ಹಾಗೆ ಸರಳವಾಗಿ ಎದ್ದು ಬಂತು.

ಅದರ ಕೆಳಗೆ ಪತ್ರಾಸಿನ ಮನೆ ಇತ್ತು.

ಅದನ್ನು ಅವನು ಎಂದೋ ಮುರಿದು ಬೇರೆ ಕೆಲಸಕ್ಕೆ ಹಾಕಿದ್ದಾನೆ ಅಂತ ತಿಳಿದಿದ್ದಳು ಗಂಗುಬಾಯಿ. ಮುರಿದಿರಲಿಲ್ಲ. ಮೂಡಲ ಬಾಗಿಲು, ಎರಡು ಪಾವಟಿಗೆ, ಗೆರೆ ಗೆರೆ ತಗಡಿನ ಚಾವಣಿ, ಗಾಳಿಗೆ ಹಾರದಿರಲೆಂದು ಅದರ ಮೇಲೆ ಸಣ್ಣ ಕಲ್ಲುಗಳು. ಒಂದು ಚೂರೂ ಧೂಳಿರಲಿಲ್ಲ.

ಕಾಜಲ ಹಲಗೆಯ ಮುಂದೆ ಮೊಣಕಾಲೂರಿದಳು. ಮುಖ ಹತ್ತಿರ ಒಯ್ದಳು. ಪಾವಟಿಗೆಯ ಪಕ್ಕದಲ್ಲಿ ಸಿಮೆಂಟು ಬಣ್ಣದ ಒಂದು ಇಳಿಜಾರು ಇತ್ತು. ಅದರ ಮೇಲೆ ಬೆರಳಿಟ್ಟಳು.

“ಅವ್ವಾ, ಈ ಉತಾರಾ ನೀ ಹೇಳಿದ್ದೇನ?”

“ಯಾವ ಉತಾರಾ?”

“ಮೋಟಾರ ತುಂಬಿದ ಗಾಡಿ ಒಳಗ ತಳ್ಳಾಕ ಇವರು ಮಾಡ್ಯಾರಲ್ಲ, ಅದು. ನೀ ಬರೂದ ಬಿಟ್ಟ ಮ್ಯಾಲ ಮಾಡಿದ್ದು.”

“ನಾ ನೋಡೇ ಇಲ್ಲವಾ ಅದನ್ನ. ನನಗ ಗೊತ್ತಽ ಇಲ್ಲ.”

ರತ್ನದೀಪ ಬಗ್ಗಿ ಚಾವಣಿ ನೋಡುತ್ತಿದ್ದ. “ಒಂದ ಪತ್ರಾ ಹಸರ ಐತಿ,” ಅಂದ ಮೆಲ್ಲಗೆ. “ಹ್ವಾದ ಬ್ಯಾಸಿಗ್ಯಾಗ ಬೆಳಕ ಬರಲಿ ಅಂತ ಪ್ಲಾಸ್ಟಿಕ್ಕಿಂದ ಹಾಕೇನಿ. ನಮ್ಮ ಮನಿ ಎದರಿಗೆ ರಸ್ತಾ ಎತ್ತರದಾಗ ಐತಿ. ಅಲ್ಲಿ ನಿಂತ್ರ ಅಷ್ಟ ಕಾಣತೈತಿ ಅದು.”

ಆಗ ಗಂಗುಬಾಯಿಗೆ ತಿಳಿಯಿತು. ಈ ಮನುಷ್ಯ ಹೋಗಿದ್ದ. ಒಂದೇ ಸಲವಲ್ಲ, ಮನೆಯಲ್ಲಿ ಏನೇನು ಬದಲಾಯಿತೋ ಅಷ್ಟು ಸಲ ಹೋಗಿದ್ದ. ಎತ್ತರದ ರಸ್ತೆಯಲ್ಲಿ ನಿಂತು ನೋಡಿ, ತಿರುಗಿ ಬಂದು, ಎಲ್ಲಾ ಗೊತ್ತಿದ್ದೂ ಅವಳ ಮುಂದೆ ಕೂತು ಗ್ರಿಲ್ಲಿನ ಬಣ್ಣ ಕೇಳಿದ್ದ. ಅವಳು ನೀಲಿ ಅಂದಿದ್ದಳು. ಅವನು ನೀಲಿ ಹಚ್ಚಿದ್ದ. ಹಚ್ಚಿ, ಅವಳು ಬಡಿಸಿದ ಭಕ್ಕರಿಯನ್ನು ಅವಳ ಸಮಾಧಾನಕ್ಕೆ ಉಂಡಿದ್ದ.

ಅವಳಿಗೆ ಸಿಟ್ಟು ಬಂತು. ಸಂಕಟಕ್ಕಿಂತ ಮೊದಲು ಬಂದದ್ದು ಸಿಟ್ಟೇ. ಗೋಡೆಗೆ ಕೂತ ಗಂಡನ ಕಡೆ ತಿರುಗಿ, “ಅಲ್ಲೀ ತನಕಾ ಹೋದಾಂವಗ ನಾಕ ಹೆಜ್ಜಿ ಇಳದ ಬಾಗಲಾ ಬಡಿಯಾಕ ಏನಾಗಿತ್ತ್ರಿ ನಿಮಗ?” ಅಂದಳು.

“ಬಡಿಯೂದ ಏನಿತ್ತವಾ,” ಅಂದಳು ಕಾಜಲ. “ಹಗಲೆಲ್ಲಾ ತಗದಽ ಇರತೈತಿ.” ಅಷ್ಟು ಹೇಳಿ ಅವಳು ಜೋರಾಗಿ ಅತ್ತಳು. ಗಂಗುಬಾಯಿಯೂ ಅತ್ತಳು. ಬೆಳಗಿನಿಂದ ಬಾರದ ಅಳು ಅದು.

ಹೊತ್ತು ಇಳಿಯುತ್ತಿತ್ತು. ನಾಮದೇವ ಹಲಗೆಯ ಕೆಳಗೆ ತೂರಿ ಸ್ಕ್ರೂ ಬಿಚ್ಚಿದ. ಬಿದ್ರಿಯ ಕಡೆಯ ಹಳಿಯನ್ನು ರತ್ನದೀಪ ಇಕ್ಕಳದಿಂದ ಕತ್ತರಿಸಿದ. ಇಬ್ಬರೂ ಗಡಹಿಂಗ್ಲಜವನ್ನು ಆ ಕಡೆ ಈ ಕಡೆ ಹಿಡಿದು ಎತ್ತಿದರು. ದಾರಿಯಲ್ಲಿ ಮುದಕವ್ವನ ಕಾಲು ಅಡ್ಡ ಇದ್ದವು. ರತ್ನದೀಪ ನಿಂತ. ಮುದಕವ್ವ ಒಮ್ಮೆ ಅವನ ಮೋರೆ, ಒಮ್ಮೆ ಹಲಗೆಯ ಮೇಲಿನ ಪತ್ರಾಸಿನ ಮನೆ ನೋಡಿದಳು. ಕಾಲು ಮಡಚಿಕೊಂಡಳು. ಹಲಗೆ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಮಂಚದ ಮೇಲೆ ಕೂತಿತು. ಕಾಜಲ ಅದರ ಪಕ್ಕ ನಿಂತುಕೊಂಡಳು.

ಬಾಗಿಲು ಅಗಲವಾಯಿತು. ಎಷ್ಟೋ ವರ್ಷದ ಮೇಲೆ ಆ ಮನೆಯಿಂದ ಒಬ್ಬ ಮನುಷ್ಯ ನೆಟ್ಟಗೆ ಹೊರಗೆ ಬಂದ. ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದು, ಬಾಳೆಕಂಬ ಕಟ್ಟಿದ ವಿಮಾನದಲ್ಲಿ ಕಾಡಪ್ಪನನ್ನು ಇಳಿಸಿದರು. ಕೈಗಳನ್ನು ಮಡಿಲಲ್ಲಿ ಜೋಡಿಸಿದರು. ಹಾರ ಸರಿಮಾಡಿದರು.

“ಆತೇನ? ಎತ್ತೂಣ?” ಅಂದ ನಾಮದೇವ.

“ತಡೀರಿ.”

ಗಂಗುಬಾಯಿ ಒಳಗಿನಿಂದ ಬಂದಳು. ಎರಡಂತಸ್ತಿನ ಮನೆ ಅವಳ ಕೈಯಲ್ಲಿತ್ತು. ಒಳಗೆ ಅದು ಬರೀ ಟೊಳ್ಳು, ನೂಲಿನ ಕೋನಿನ ಹಳದಿ ಪಟ್ಟೆ ಹಾಗೇ ಉಳಿದಿದ್ದವು. ಅದನ್ನು ಗಂಡನ ಮಡಿಲಲ್ಲಿ, ಜೋಡಿಸಿದ ಕೈಗಳ ನಡುವೆ ಇಟ್ಟಳು. ಬಾಲ್ಕನಿ ಮುಂದೆ ಬರುವ ಹಾಗೆ ತಿರುಗಿಸಿದಳು.

“ಇದೇನ ಗಂಗೂ?” ಅಂದಳು ಮುದಕವ್ವ. ಅವಳ ದನಿಯಲ್ಲಿ ಎಂದಿನ ಜೋರು ಇರಲಿಲ್ಲ.

“ಇದ ನಂದು ಅಕ್ಕಾ. ಅವರಿಗಂತ ಹೇಳಿ ನಾ ಕಟ್ಟಿಸಿದ್ದು. ಅವರ ಕೂಡ ಹೋಗಲಿ.”

ವಿಮಾನ ಎದ್ದಿತು. ನಾಮದೇವ ಮುಂದೆ, ರತ್ನದೀಪ ಎಡಗಡೆಯ ಬಿದಿರಿಗೆ. ಅವನಿಗೆ ಹೆಗಲು ಕೊಡು ಅಂತ ಯಾರೂ ಹೇಳಿರಲಿಲ್ಲ, ಬೇಡ ಅಂತಲೂ ಯಾರೂ ಅನ್ನಲಿಲ್ಲ. ಹೆಂಗಸರು ಬಾಗಿಲಲ್ಲೇ ನಿಂತರು. ಓಣಿಯ ಶೆಡ್ಡುಗಳಿಂದ ಮೈ ತುಂಬ ಹತ್ತಿ ಮೆತ್ತಿಕೊಂಡ ಜನ ಹೊರಗೆ ಬಂದು ಕೈ ಮುಗಿದರು. ಕಾಡಪ್ಪ ನೀಲಿ ಗ್ರಿಲ್ಲಿನ ಮಾಡಿಮನೆಯನ್ನು ಹಿಡಿದುಕೊಂಡು ಅವರೆಲ್ಲರ ನಡುವೆ ಹಾದು ಹೋದ.

ತಿರುವಿನ ಗಟಾರದ ಹತ್ತಿರ ವಿಮಾನ ಒಂದು ಕಡೆ ವಾಲಿತು. ಮನೆ ಜಾರಿತು. ರತ್ನದೀಪ ಹೆಗಲ ಮೇಲಿನ ಬಿದಿರು ಬಿಡದೆ ಇನ್ನೊಂದು ಕೈ ಮೇಲೆ ಚಾಚಿ, ಅದನ್ನು ಮಾವನ ಮಡಿಲಿಗೆ ಒತ್ತಿ ಹಿಡಿದುಕೊಂಡೇ ತಿರುವು ದಾಟಿದ.